ಮೇಲುಪೇಟೆಗೆ ಬಾರದ ನೀರು

1938ರ ಮಾರ್ಚ್ ಹದಿನಾಲ್ಕು. ಬೆಳಿಗ್ಗೆ ಎಂಟಕ್ಕೆ ಮೇಲುಪೇಟೆಯ ಗುರುಸಿದ್ದಮ್ಮ ಒಡೆದ ಹಣೆಗೆ ಸೆರಗು ಒತ್ತಿಕೊಂಡು ಹೊಳೆನರಸೀಪುರ ಠಾಣೆಗೆ ಬಂದರು. ಬೀದಿ ನಲ್ಲಿಯ ಮುಂದೆ ಜಗಳ, ಕೊಡದ ಏಟು. ಯಾರೋ ಬೇಕೆಂದೇ ನೀರು ನಿಲ್ಲಿಸುತ್ತಿದ್ದಾರೆ ಎಂದು ದೂರು. ಇನ್ಸ್‌ಪೆಕ್ಟರ್ ಷಡಕ್ಷರಿ ಎಫ್‌ಐಆರ್ ಬರೆಸಿದರು. ಅವರ ಮನೆಯೂ ಅದೇ ಬೀದಿಯಲ್ಲಿತ್ತು. ಆದರೆ ಕಾನ್‌ಸ್ಟೇಬಲ್ ದೇವರಾಜು ಹೊಳೆಯಿಂದ ನೀರು ಹೊತ್ತು ಹಾಕುತ್ತಿದ್ದುದರಿಂದ ಸಾಹೇಬರಿಗೆ ಈ ತಾಪತ್ರಯ ತಟ್ಟಿರಲಿಲ್ಲ.

ನೀರಿನ ಓವರ್‌ಸಿಯರ್ ಚಂದ್ರಶೇಖರಯ್ಯನವರು, ತಿಂಗಳ ಸರಾಸರಿಯಲ್ಲಿ ಮೇಲುಪೇಟೆಗೆ ಏನೂ ಕೊರತೆಯಿಲ್ಲ ಎಂದು ಹೇಳಿ ಕೈ ತೊಳೆದುಕೊಂಡರು. ಸರಾಸರಿಯಿಂದ ಯಾರ ಮನೆಯ ಹಂಡೆ ತುಂಬೀತು? ಷಡಕ್ಷರಿ ಪೇದೆಗಳ ಕೈಗೆ ಒಂದೇ ಅಳತೆಯ ಕೊಡಗಳನ್ನು ಕೊಟ್ಟು, ಐದು ಬೀದಿಗಳಲ್ಲಿ ಕೊಡ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆಂದು ಎರಡು ವಾರ ದಿನಾ ಬರೆಸಿದರು. ಪೊಲೀಸರು ನೀರು ಹಿಡಿಯುವುದನ್ನು ಕಂಡು ಹೆಂಗಸರು ಮುಸಿಮುಸಿ ನಕ್ಕರು. ಬೇರೆ ಬೀದಿಗಳಲ್ಲಿ ದಿನದಿಂದ ದಿನಕ್ಕೆ ಹೆಚ್ಚು ವ್ಯತ್ಯಾಸವಿರಲಿಲ್ಲ. ಮೇಲುಪೇಟೆಯಲ್ಲಿ ಮಾತ್ರ ಒಂದು ದಿನ ಧಾರಾಳ, ಮಾರನೆಯ ದಿನ ಹನಿಹನಿ. ಎರಡನ್ನೂ ಕೂಡಿಸಿ ಭಾಗಿಸಿದ್ದರಿಂದ ಹನಿಯುವ ದಿನಗಳು ಸರಾಸರಿಯಲ್ಲಿ ಮುಚ್ಚಿಹೋಗಿದ್ದವು.

ವಾಲ್ವ್ ತಿರುಗಿಸುವವರು ಇಬ್ಬರು, ದಿನ ಬಿಟ್ಟು ದಿನ. ಹನಿಯುವ ದಿನಗಳೆಲ್ಲ ರಂಗಸ್ವಾಮಿಯವು. ಮಾರ್ಚ್ ಮೂವತ್ತರ ಬೆಳಿಗ್ಗೆ ಪಂಚರ ಮುಂದೆ ವಾಲ್ವಿನ ಗುಂಡಿಯ ಮುಚ್ಚಳ ತೆಗೆಸಿದರೆ, ಅವನು ವಾಲ್ವನ್ನು ಅರ್ಧ ಸುತ್ತೂ ತೆರೆದಿರಲಿಲ್ಲ. ಪಂಚನಾಮೆಯಾಯಿತು, ದಸ್ತಗಿರಿಯೂ ಆಯಿತು.

“ಬೇಕಂತ ಮಾಡಿದ್ಯಾ?” ಷಡಕ್ಷರಿ ಕೇಳಿದರು.

“ಊಂ ಸಾ.”

“ಯಾಕೆ?”

ಊರಾಚೆಯ ಕೇರಿಯ ರಂಗಸ್ವಾಮಿ ನೆಲ ನೋಡಿದ. “ನಮ್ಮೋಳು ಪುಟ್ಟತಾಯಿ ಒಂದ್ಸಲ ಆ ನಲ್ಲೀಲಿ ನೀರಿಡಿದ್ಲು. ಮುಟ್ಟುಬುಟ್ಲು ಅಂತ ತುಂಬಿದ್ ಕೊಡಾನೇ ಬೀದೀಗ್ ಸುರಿದ್ಬುಟ್ರು. ನಾ ತಿರುಗಿಸಿದ್ರೆ ಬರೋ ನೀರು ಮೈಲಿಗೆ ಆಗಾಕಿಲ್ಲ ಸಾ. ಅವಳು ಇಡಕಂಡ್ರೆ ಆಯ್ತದಂತೆ.”

“ಸುರಿದೋರು ಯಾರು?” ದೇವರಾಜು ಹೇಳಿಕೆ ಬರೆದುಕೊಳ್ಳುತ್ತ ಕೇಳಿದ.

“ಯಾರೋ, ಕಾಣೆ.”

ಷಡಕ್ಷರಿಗೆ ಕಿವಿ ಸುಟ್ಟಂತಾಯಿತು. ಸುರಿದದ್ದು ಅವರ ಹೆಂಡತಿ ನೀಲಾಂಬಿಕೆ. ಅಂದು ಜಗಲಿಯಲ್ಲಿ ಕೂತಿದ್ದ ಷಡಕ್ಷರಿ ಪತ್ರಿಕೆಯನ್ನು ಮುಖದವರೆಗೆ ಎತ್ತಿ ಹಿಡಿದಿದ್ದರು. ಇದೆಲ್ಲ ಗೊತ್ತಿದ್ದೂ ಈ ಮನುಷ್ಯ ತಮ್ಮ ಮಾನ ಕಾಯುತ್ತಿದ್ದಾನಲ್ಲ ಎಂದು ನಾಚಿಕೆಯಾಯಿತು.

“ನನ್ನ ಹೆಂಡತಿ ಅಂತ ಬರಿ,” ಎಂದರು. “ನಾನು ಜಗಲಿ ಮೇಲೆ ಕೂತು ನೋಡ್ತಿದ್ದೆ ಅಂತಾನೂ ಬರಿ.”

ಮಧ್ಯಾಹ್ನ ಲಾಕಪ್ಪಿನಲ್ಲಿ ರಂಗಸ್ವಾಮಿ ಕುಡಿಯಲು ನೀರು ಕೇಳಿದ. ಷಡಕ್ಷರಿ ತಮ್ಮ ಚೊಂಬನ್ನೇ ತುಂಬಿಸಿ ಕಂಬಿಯೊಳಗೆ ಚಾಚಿದರು. ಅವನು ಚೊಂಬು ಮುಟ್ಟದೆ, ಅಭ್ಯಾಸಬಲದಿಂದ, ಬಗ್ಗಿ ಬೊಗಸೆಯೊಡ್ಡಿದ.