ಬಂಗಾರದ ಕಡಗವಾದ ಕುದುರೆ

ಬಹಳ ಹಿಂದೆ, ಪಾರಸಿಕರ ನಾಡಿನಲ್ಲಿ, ನಾಯಿ ಬೊಗಳದ, ಕೋಳಿ ಕೂಗದ ಒಂದು ಪಟ್ಟಣವಿತ್ತು. ಅದನ್ನಾಳುತ್ತಿದ್ದ ಮಾಂತ್ರಿಕ ಜಹ್ರಾಕ ಕಣ್ಣಿಗೆ ಬಿದ್ದ ಪ್ರಾಣಿಯನ್ನೆಲ್ಲ ಬಂಗಾರದ ಒಡವೆ ಮಾಡಿ ಮೈಮೇಲೆ ಹೇರಿಕೊಳ್ಳುತ್ತಿದ್ದ. ತೋಳಿಗೆ ಸಿಂಹದ ಬಾಜುಬಂದಿ, ಕಿವಿಗೆ ಕಾಡುಮೇಕೆಯ ಓಲೆ, ಕೊರಳಿಗೆ ಬಾತುಗಳ ಸರ.

ಆ ಊರಿಗೆ ಬರ್ಜೀನನೆಂಬ ತರುಣ ಬಂದ. ಹುಲ್ಲುಗಾವಲಿಂದ ಹುಲ್ಲುಗಾವಲಿಗೆ ಅಲೆಯುವ ಕುದುರೆಗಾಹಿಗಳ ಕುಲದಲ್ಲಿ ಉಳಿದವನು ಅವನೊಬ್ಬನೇ. ಮಾತಾಡಲು ಇದ್ದದ್ದು ಸಿತಾರಿ ಎಂಬ ಹೆಣ್ಣುಕುದುರೆ. ಬಾವಿಯಲ್ಲಿ ನೀರು ಸೇದಿ ತಿರುಗಿ ನೋಡುತ್ತಾನೆ, ಕುದುರೆಯಿಲ್ಲ! ಎದುರಿಗೆ ನಿಂತ ಜಹ್ರಾಕನ ಮಣಿಕಟ್ಟಿನಲ್ಲಿ ಹೊಸ ಕಡಗ, ಅದರ ತುದಿಯಲ್ಲಿ ಸಿತಾರಿಯ ಮುಖ.

"ಒಡೆಯಾ, ನನಗಿರೋದು ಅದೊಂದೇ ಜೀವ. ಕೊಟ್ಟುಬಿಡಿ."

"ಇದರಲ್ಲಿ ಜೀವ ಎಲ್ಲಯ್ಯಾ ಇದೆ? ಮೂರು ಸಲ ಎಬ್ಬಿಸಿ ನೋಡು. ಎದ್ದರೆ ನಿನ್ನದು. ಏಳದಿದ್ದರೆ ನೀನೂ ನನ್ನ ಬೆರಳಿಗೊಂದು ಉಂಗುರ," ಎಂದು ಜಹ್ರಾಕ ಕಡಗ ಬಿಚ್ಚಿ ಅವನ ಕೈಗೆ ಎಸೆದ.

ಬರ್ಜೀನ ಹೆಸರು ಹಿಡಿದು ಕರೆದ. ಕಿವಿಯೆಲ್ಲ ಗಟ್ಟಿ ಬಂಗಾರ, ಕೇಳುವುದೆಲ್ಲಿ? ಅವನ ಕಾಲು ಮೊಣಕಾಲಿನವರೆಗೆ ಬಂಗಾರವಾಯಿತು.

"ಇನ್ನೂ ಜೋರಾಗಿ ಕರೆಯಪ್ಪಾ, ಪಾಪ, ಅದಕ್ಕೆ ಕಿವುಡು!" ಎಂದು ಜಹ್ರಾಕ ನಕ್ಕ.

ಬರ್ಜೀನ ಜೋಳಿಗೆಯಿಂದ ಹಸಿ ಹುಲ್ಲು ತೆಗೆದು ತೋರಿಸಿದ. ಕಣ್ಣೆಂದರೆ ನೀಲಿ ಕಲ್ಲು, ಕಾಣುವುದೆಲ್ಲಿ? ಅವನು ಸೊಂಟದವರೆಗೆ ಬಂಗಾರವಾದ.

ಊರವರು ಕದ ಹಾಕಿಕೊಂಡರು. ಅಯ್ಯೋ ಅನ್ನುವವರು ಒಬ್ಬರೂ ಇರಲಿಲ್ಲ. ಸಾಯುವ ಮೊದಲು ಒಮ್ಮೆ ಕೆನ್ನೆಗೊತ್ತಿಕೊಳ್ಳೋಣವೆಂದು ಬರ್ಜೀನ ಕಡಗ ಎತ್ತಿದ. ಆಗ ಕಂಡವು, ಮೂಗಿನಲ್ಲಿ ಎರಡು ಸಣ್ಣ ತೂತು. ಟೊಳ್ಳು ಬಂಗಾರವನ್ನು ಬೆಂಕಿಗಿಟ್ಟಾಗ ಒಳಗಿನ ಗಾಳಿಗೆ ದಾರಿಯಿರಬೇಕು, ಇಲ್ಲದಿದ್ದರೆ ಸಿಡಿಯುತ್ತದೆ. ಮಾಂತ್ರಿಕನಾದರೂ ಅಕ್ಕಸಾಲಿಗರ ಆ ಪದ್ಧತಿಯನ್ನು ಮೀರುವಂತಿರಲಿಲ್ಲ. ಬರ್ಜೀನನ ಕುಲದಲ್ಲೋ, ಮರಿ ಹುಟ್ಟಿದೊಡನೆ ಅದರ ಮೂಗಿಗೆ ತಮ್ಮ ಉಸಿರೂದಿ ನೆಂಟಸ್ತನ ಮಾಡಿಕೊಳ್ಳುತ್ತಿದ್ದರು.

ಅವನು ಊದಿದ. ಎದೆಯಲ್ಲಿದ್ದಷ್ಟನ್ನೂ ಊದಿದ.

ಕಡಗ ಬೆಚ್ಚಗಾಯಿತು, ನಡುಗಿತು, ಸಿತಾರಿಯಾಗಿ ಎದ್ದು ನಿಂತಿತು. ಅದರ ಬಿಸಿಯುಸಿರು ತಾಗಿ ಬರ್ಜೀನನ ಮೈ ಸಡಿಲವಾಯಿತು. ಅದೇ ಉಸಿರು ಗಾಳಿಯಾಗಿ ಜಹ್ರಾಕನ ಮೇಲೆ ಬೀಸಿ ಒಂದೊಂದು ಒಡವೆಯ ಮೂಗನ್ನೂ ಹೊಕ್ಕಿತು. ತೋಳಿನ ಸಿಂಹ ನಿಜದ ಸಿಂಹವಾದರೆ ತೊಟ್ಟವನ ಪಾಡೇನು? ಜಹ್ರಾಕನ ಕಿರೀಟವಷ್ಟೇ ಉಳಿಯಿತು.

ಕದಗಳು ತೆರೆದವು. ಒಬ್ಬ ಮುದುಕಿ ಓಡಿ ಬಂದು, "ಇಲ್ಲೇ ಇರಪ್ಪಾ, ನೀನೇ ನಮ್ಮ ದೊರೆ," ಎಂದಳು.

"ಕದ ಹಾಕಿಕೊಂಡವರ ಊರಲ್ಲಿ ಹೇಗಿರಲಮ್ಮಾ?" ಎಂದು ಅವನು ಕುದುರೆ ಹತ್ತಿದ.

ಆ ಊರಲ್ಲಿ ಕೋಳಿ ಕೂಗಿ ಬೆಳಗಾಯಿತು, ಜನ ಸುಖವಾಗಿ ಬಾಳಿದರು. ಬರ್ಜೀನನೂ ಸುಖವಾಗಿಯೇ ಇದ್ದ. ದಾರಿಯುದ್ದಕ್ಕೂ ಅವನ ಮಾತಿಗೆ ಕಿವಿ ನಿಮಿರಿಸುವ ಒಂದು ಜೀವ ಇತ್ತಲ್ಲ.