ಸಾವ್ಕಾರರ ಪಾಂಡವರು

ಕುಡಗೋಲು ನನ್ನ ಗಂಟಲಿನ ಮೇಲಿತ್ತು.

ಹಿಡಿದವಳು ತಾಯವ್ವ. ಅರವತ್ತು ದಾಟಿದ ಮುದುಕಿ. ಹಿಂದೆ ಎರಡು ನಾಯಿ. ಅವಕ್ಕೂ ಹಿಂದೆ ಅರ್ಧ ತೊರವಿ ಊರು!

"ನನ್ನ ಹೊಲದಾಗ ಏನ್ ಹುಗ್ಯಾಕತ್ತೀ ಲೇ?"

ನನ್ನ ಕಾಲ ಬಳಿ ಐದು ಕಲ್ಲು. ಸುಣ್ಣ ಬಳಿದ ಸರ್ವೆ ಕಲ್ಲು.

ನಾನು ರಾಮಲಿಂಗ. ಬಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ಗ್ಯಾರೇಜೊಂದರ ಮುಂದೆ ಕುಳಿತು, ದೊಡ್ಡವರ ಸಣ್ಣ ಕೆಲಸ ಮಾಡಿಕೊಡುವವ. ಈ ಕೆಲಸ ಬಬಲೇಶ್ವರದ ಬಸಗೊಂಡಪ್ಪ ಸಾವ್ಕಾರರದು.

ತೊರವಿಗೆ ಯುನಿವರ್ಸಿಟಿ ಕ್ಯಾಂಪಸ್ ಬರುತ್ತದೆ ಅಂತ ಸುದ್ದಿ. ಬರುವ ಮೊದಲೇ ಊರು ಉದ್ಧಾರವಾಗಿತ್ತು. ಎಮ್ಮೆ ಕಟ್ಟುವ ಜಾಗಕ್ಕೆ ಜನ ಬಾಡಿಗೆ ರೂಮು ಅನ್ನತೊಡಗಿದ್ದರು. ಏಳನೇ ತರಗತಿಯ ಮುಲ್ಕಿ ಪರೀಕ್ಷೆಯಲ್ಲಿ ನಪಾಸಾದವರೆಲ್ಲ ಪ್ಯೂನ್ ಆಗಲು ಮೀಸೆ ತಿರುವುತ್ತಿದ್ದರು. ಓದಿದವರು ಬರುತ್ತಾರೆ ಅಂತ ಚಹಾದಂಗಡಿಯವ ಈಗಿನಿಂದಲೇ ಚಹಾಕ್ಕೆ ನೀರು ಹೆಚ್ಚು ಮಾಡಿದ್ದ.

ಕ್ಯಾಂಪಸ್ಸಿನ ಎದುರು ಹೋಟೆಲ್ಲು, ಟಾಕೀಸು ಕಟ್ಟುವ ಆಸೆಗೆ ಸಾವ್ಕಾರರು ಅಲ್ಲೊಂದು ಹೊಲ ಹಿಡಿದಿದ್ದರು. ಸರ್ವೆಯವರು ಗಡಿಕಲ್ಲು ನೆಟ್ಟರು ನೋಡಿ... ಆ ಹೊಲವೇ ಕ್ಯಾಂಪಸ್ಸಿನ ಒಳಗೆ! ಭೂಮಿಗೆ ಸರ್ಕಾರ ಕೊಡುವ ರೇಟು ಗೊತ್ತಲ್ಲ, ಪ್ರಸಾದ ಕೊಟ್ಟ ಹಾಗೆ. ಪಕ್ಕದ್ದು ತಾಯವ್ವನ ಹೊಲ. ಅವಳಿಗಿದ್ದದ್ದು ಅದೊಂದೇ. ಇವರ ಹೊಲ ಸುತ್ತಿದ ಐದು ಕಲ್ಲು ಅವಳ ಹೊಲ ಸುತ್ತಿದರೆ ಅವಳದು ಹೋಗಿ ಇವರದು ಉಳಿಯುತ್ತದೆ.

"ನಾಳೆ ಸರ್ವೆ ಸಾಹೇಬ್ರು ಅಳತಿಗೆ ಬರ್ತಾರ. ಕಲ್ಲು ಆಕಿ ಹೊಲದಾಗ ಇರಬೇಕು," ಅಂದ ಸಾವ್ಕಾರರು ಟಿಕೋಟಾ ರಸ್ತೆಯಲ್ಲಿ ಜೀಪು ನಿಲ್ಲಿಸಿಕೊಂಡು ಕಾದರು.

ನಾನು ಎಲ್ಲ ವಿಚಾರ ಮಾಡಿದ್ದೆ. ಒಂದು ಬಿಟ್ಟು... ಅಂದು ಎಳ್ಳ ಅಮಾಸಿ. ಊರಿಗೆ ಊರೇ ಕಡುಬು, ಭಜ್ಜಿಪಲ್ಲೆ ಕಟ್ಟಿಕೊಂಡು ಭೂತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಬರುವ ದಿನ!

ಗಂಟಲ ಮೇಲೆ ಕುಡಗೋಲಿದ್ದರೆ ಬುದ್ಧಿ ಚುರುಕಾಗುತ್ತದೆ. ಅಂದು ಹೊಲಹೊಲದಲ್ಲೂ ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸುತ್ತಾರೆ. ನನ್ನವೂ ಐದೇ.

"ಪಾಂಡವರು ಬೇ ಯವ್ವಾ. ಪೂಜಾಕ್ಕ ತಂದೇನಿ."

ತಾಯವ್ವ ಕಲ್ಲು ನೋಡಿದಳು. ಬದುವಿನಾಚೆ ಸಾವ್ಕಾರರ ಹೊಲದಲ್ಲಿ ಆಗಷ್ಟೇ ಅಗೆದ ಐದು ತಗ್ಗು ನೋಡಿದಳು. ನಕ್ಕಳು. ಕುಡಗೋಲೇ ವಾಸಿ ಅನಿಸಿತು.

"ನಮ್ಮ ಪಾಂಡವರು ಬನ್ನಿಗಿಡದ ಬುಡಕ ಕುಂತಾರ. ಇವರು ಸಾವ್ಕಾರ್ರ ಪಾಂಡವರು. ವನವಾಸ ಸಾಕು, ಅವರ ಜಾಗಾಕ್ಕ ಮುಟ್ಟಸು. ಹೊರು."

ಹೊತ್ತೆ. ನಡುವೆ ಒಮ್ಮೆ ರಸ್ತೆಯ ಕಡೆ ಓಡಿಯೂ ನೋಡಿದೆ... ನಾಯಿ ನನ್ನ ಅರ್ಧ ಪ್ಯಾಂಟು ಇಟ್ಟುಕೊಂಡು ಉಳಿದ ನನ್ನನ್ನು ವಾಪಸು ಕಳಿಸಿತು. ಐದೂ ಕಲ್ಲು ತಮ್ಮ ತಮ್ಮ ತಗ್ಗಿಗೆ ಇಳಿದವು. ಕುಂಕುಮ ಏರಿತು, ಕಾಯಿ ಒಡೆಯಿತು. ಹೊಲದ ಮಾಲೀಕರಿಲ್ಲದ ಪೂಜೆ ಎಂಥದು ಅಂತ ಜನ ಸಾವ್ಕಾರರನ್ನು ಜೀಪಿನಿಂದ ಮರ್ಯಾದೆಯಿಂದಲೇ ಇಳಿಸಿ ತಂದರು. ಅವರು ಕೈಮುಗಿದು ಬಗ್ಗಿದರು. ಬಗ್ಗಿದಲ್ಲೇ ನನ್ನ ಕಾಲು ಮುರಿಸುವುದಾಗಿ ಪಿಸುಗುಟ್ಟಿದರು. ಜನ ಹೋದ ಮೇಲೆ ಮತ್ತೆ ಕೀಳಲೇ ಅಂತ ಅವರನ್ನೇ ಕೇಳಿದೆ.

"ಪೂಜಿ ಆದ ಕಲ್ಲು ಯಾವ ಮಗಾ ಮುಟ್ತಾನಲೇ?"

ಮರುದಿನ ಸಾಹೇಬರು ಬಂದು, ಕಲ್ಲಿಗೆ ನಮಸ್ಕಾರ ಮಾಡಿ, ಅಲ್ಲಿಂದಲೇ ಅಳತೆಯ ಸರಪಳಿ ಎಳೆದರು. ತಾಯವ್ವನ ಹೊಲ ಉಳಿಯಿತು. ಸುಳ್ಳೇಕೆ, ನನಗೂ ಸಂತೋಷವಾಯಿತು. ಈಗ ಕ್ಯಾಂಪಸ್ಸಿನ ಎದುರಿನ ಜಾಗ ಅಂದರೆ ಅವಳದೇ. ಕ್ಯಾಂಪಸ್ ಕಟ್ಟುವ ಗೌಂಡಿಗಳಿಗೆ ರೊಟ್ಟಿ ಮಾರುತ್ತಾಳೆ, ನನಗೂ ಪುಕ್ಕಟೆ ಕೊಡುವುದಿಲ್ಲ.

ಸಾವ್ಕಾರರು ವಿದ್ಯೆಗಾಗಿ ಭೂಮಿ ಬಿಟ್ಟುಕೊಟ್ಟೆ ಅಂತ ಊರೆಲ್ಲ ಹೇಳಿಕೊಂಡರು. ಅಡಿಗಲ್ಲಿನ ಮೇಲೆ ಹೆಸರನ್ನೂ ಕೆತ್ತಿಸಿದ್ದಾರೆ... 'ವಿದ್ಯಾಪ್ರೇಮಿ ಬಸಗೊಂಡಪ್ಪ'.

ಆ ಕಲ್ಲು ಕೀಳು ಅಂತ ಮಾತ್ರ ಇನ್ನೂ ಯಾರೂ ನನಗೆ ಹೇಳಿಲ್ಲ.