ಓಲ್ಶಾವದ ಹೊಸ ಹೆಸರು

ಇವತ್ತು ಯಾರಾದರೂ ಮಾತಾಡಿಸಿದರೆ ನನ್ನ ದನಿ ನಡುಗುವುದು ಗೊತ್ತಾಗಿಬಿಡುತ್ತದೆಯೇ? ದಿನಚರಿಯಲ್ಲಿ ಇಷ್ಟು ಬರೆದ ಇಲ್ಕಾ, ಆ ಹಾಳೆಯನ್ನೇ ಹರಿದು ಒಲೆಗೆ ಹಾಕಿ ಕಚೇರಿಗೆ ಹೊರಟಳು.

1922ರ ನವೆಂಬರ್ 14, ಬೆಳಿಗ್ಗೆ 9.20. ರಿಮಾಸೊಂಬತ್ ಠಾಣೆಗೆ ದೂರು ಬಂತು: ಗೆಮೆರ್ ಜಿಲ್ಲೆಯ ಕಾಯಂ ನಿವಾಸಿಗಳ ಪುಸ್ತಕದಲ್ಲಿ, 1906ರ ಹಾಳೆಯ ಕೊನೆಗೆ, ಯಾರೋ ಹೊಸದಾಗಿ ಒಂದು ಹೆಸರು ಸೇರಿಸಿದ್ದಾರೆ. ಹೆರ್ಕೆ ಬೋರ್ಬಾಲಾ, ಇಸ್ತ್ರಿ ಹಾಕುವವಳು. ಇಲ್ಕಾಳ ತಾಯಿ.

ಯುದ್ಧ ಮುಗಿದು ಊರು ಹೊಸ ದೇಶಕ್ಕೆ ಸೇರಿತ್ತು; 1910ಕ್ಕೆ ಮೊದಲೇ ಇಲ್ಲಿದ್ದ ದಾಖಲೆ ಇಲ್ಲವೆಂದು ಬೋರ್ಬಾಲಾಳಿಗೆ ನೋಟಿಸು ಬಂದಿತ್ತು. ತಿಂಗಳೊಳಗೆ ಗಡಿ ದಾಟಬೇಕು. ಆಚೆ ಹೋದವರು ಮನೆಯಿಲ್ಲದೆ ಗೂಡ್ಸ್ ಬೋಗಿಗಳಲ್ಲಿ ಚಳಿಗೆ ಸಾಯುತ್ತಿದ್ದಾರೆಂದು ಊರೆಲ್ಲ ಮಾತು.

10.30ಕ್ಕೆ ಇನ್‌ಸ್ಪೆಕ್ಟರ್ ಬ್ರಡಾಚ್ ಜಿಲ್ಲಾ ಕಚೇರಿಯ ದಾಖಲೆ ಕೋಣೆಗೆ ಬಂದರು. ಕಾನ್‌ಸ್ಟೆಬಲ್ ವ್ರಬೆಟ್ಸ್ ಪಂಚನಾಮೆಗೆ ಕೂತ.

"ಜಿಲ್ಲೆನೇ ಮುಂದಿನ ತಿಂಗಳು ರದ್ದಾಗ್ತದೆ ಸಾರ್. ಅದರ ಪುಸ್ತಕಕ್ಕೆ ಪಂಚನಾಮೆ ಬೇರೆ!"

"ಬಾಯ್ಮುಚ್ಕೊಂಡು ಬರಿ."

ಕೋಣೆಯಲ್ಲಿ ಕೆಲಸಕ್ಕಿದ್ದವರು ಇಬ್ಬರೇ: ಮುದುಕ ದಾಖಲೆಪಾಲಕ ಕೇಲರ್, ಸಹಾಯಕಿ ಇಲ್ಕಾ. 1906ರ ಹಾಳೆಯೆಲ್ಲ ಕೇಲರ್ ಕೈಬರಹ. ಕೊನೆಯ ಸಾಲೂ ಹಾಗೆಯೇ ಕಂಡಿತು.

"ಈ ಸಾಲು ಬರೆದವರು ಯಾರು?"

ಕೇಲರ್ ಇಲ್ಕಾಳ ಕಡೆ ನೋಡಲಿಲ್ಲ. "ನಾನೇ ಸಾಹೇಬ್ರೆ. ಹೋದ ವಾರ."

"ಈ ವಯಸ್ಸಲ್ಲಿ ಜೈಲೂಟದ ಆಸೆ ಆಯ್ತಾ ತಾತಾ?" ವ್ರಬೆಟ್ಸ್ ನಕ್ಕ.

ಇಲ್ಕಾ ತನ್ನ ಮೇಜಿನಲ್ಲಿ ತಲೆ ತಗ್ಗಿಸಿ ಕೂತಳು.

ಬ್ರಡಾಚ್ ಆ ಸಾಲನ್ನು ಅಂಗೈಯಿಂದ ಮುಚ್ಚಿದರು. "ಹುಟ್ಟೂರು ಯಾವುದಂತ ಬರೆದ್ರಿ?"

"ಓಲ್ಶಾವ. ಇನ್ಯಾವುದು?"

ಇನ್‌ಸ್ಪೆಕ್ಟರ್ ಕೈ ತೆಗೆದರು. ಅಲ್ಲಿದ್ದದ್ದು ಎಗೆರ್‌ಪತಕ್.

"ಹಿಂದಿನ ಸರ್ಕಾರ ಓಲ್ಶಾವಕ್ಕೆ ಈ ಹೆಸರು ಇಟ್ಟಿದ್ದು 1908ರಲ್ಲಿ. ಹಳೇ ಬೋರ್ಡು ಕೀಳುವಾಗ ಜನ ಕಲ್ಲು ಹೊಡೆದ್ರು, ಕಾವಲಿಗಿದ್ದೆ ನಾನು. 1906ರ ಸಾಲಲ್ಲಿ ಇದು ಹೇಗೆ ಬಂತು? ನಿಮ್ಮ ವಯಸ್ಸಿನವರು ಇವತ್ತಿಗೂ ಓಲ್ಶಾವ ಅಂತಾರೆ. ಎಗೆರ್‌ಪತಕ್ ಅನ್ನೋರು ಆಮೇಲೆ ಅದನ್ನ ಶಾಲೇಲಿ ಕಲಿತ ಮಕ್ಕಳು." ಅವರು ತಿರುಗಿದರು. "1908ರಲ್ಲಿ ನಿನಗೆಷ್ಟು ವಯಸ್ಸಮ್ಮಾ?"

"ಸುಮ್ನಿರು ಮಗೂ," ಎಂದರು ಕೇಲರ್.

"ಹತ್ತು." ಅದು ಇಲ್ಕಾಳಿಗೇ ಕೇಳಿಸಲಿಲ್ಲ.

11.15. ಬಂಧನದ ಕಾಗದದಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ವ್ರಬೆಟ್ಸ್ ಪೆನ್ನು ಹಿಡಿದು ಕಾದ. ಕೇಲರ್ ತಮ್ಮೆರಡೂ ಕೈ ಮುಂದೆ ಚಾಚಿದರು. ಆ ಕೈಗಳನ್ನು ನೋಡಿ ಇಲ್ಕಾ ಎದ್ದಳು.

"ಮಾಮ, ಕೈ ಕೆಳಗಿಳಿಸಿ." ವ್ರಬೆಟ್ಸ್ ಕಡೆ ತಿರುಗಿದಳು. "ಮೂವತ್ತು ವರ್ಷ ಈ ಕಚೇರಿಯವರ ಕಾಲರಿಗೆಲ್ಲ ಅಮ್ಮ ಗಂಜಿ ಹಾಕಿ ಇಸ್ತ್ರಿ ಮಾಡಿದ್ಲು. ಅವಳ ಹೆಸರು ಬರೀಬೇಕು ಅಂತ ಒಬ್ರಿಗೂ ತೋಚಲಿಲ್ಲ. ನಾನು ಬರೆದೆ."